‘ಡಜನ್’: ಅರ್ಥ, ಪ್ರಯೋಗ, ಮೂಲ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳ ಪೇಟೆಗಳಲ್ಲಿ ಬಾಳೆಹಣ್ಣನ್ನು ಡಜನ್ ಲೆಕ್ಕದಲ್ಲಿ ಮಾರುವುದು ರೂಢಿ. ವಾಶಿಯ ಸಗಟು ಮಾರುಕಟ್ಟೆಯಲ್ಲಿ ಹಾಪೂಸ್ ಮಾವಿನ ಪೆಟ್ಟಿಗೆಯನ್ನೂ ಅದರೊಳಗೆ ಎಷ್ಟು ಡಜನ್ ಹಣ್ಣುಗಳಿವೆ ಎಂಬುದರಿಂದ ಗುರುತಿಸುತ್ತಾರೆ. ಊರಿನಲ್ಲಿ ಚಿಪ್ಪಿನ ಲೆಕ್ಕದಲ್ಲೋ ತೂಕದ ಲೆಕ್ಕದಲ್ಲೋ ಬಾಳೆಹಣ್ಣು ಕೊಂಡವರು ಇಲ್ಲಿ ನೆಲೆಸಿದ ಮೇಲೆ ಈ ಪದಕ್ಕೆ ಒಗ್ಗಿಕೊಳ್ಳುತ್ತಾರೆ. ಕನ್ನಡದಲ್ಲಿ ‘ಹನ್ನೆರಡು’ ಇರುವಾಗ ‘ಡಜನ್’ ಏಕೆ ಬೇಕಾಯಿತು, ಇದರಿಂದ ನಮ್ಮ ನುಡಿಗೆ ಹಾನಿಯುಂಟೇ ಎಂಬುದು ವಿಚಾರಾರ್ಹ ಪ್ರಶ್ನೆ.

ಲ್ಯಾಟಿನ್ ಭಾಷೆಯಲ್ಲಿ ಹನ್ನೆರಡಕ್ಕೆ ‘ದುಓದೆಕಿಮ್’ ಎಂದು ಹೆಸರು. ಎರಡು ಮತ್ತು ಹತ್ತು ಕೂಡಿ ಆದ ಪದವಿದು. ಇದು ಫ್ರೆಂಚಿನಲ್ಲಿ ‘ದೂಝ್’ ಆಗಿ, ಸಮೂಹಾರ್ಥದ ಪ್ರತ್ಯಯ ಪಡೆದು ‘ದೂಝೆನ್’ ಎನಿಸಿತು. ಇದರ ಹಳೆಯ ರೂಪವೇ ಸುಮಾರು 1300ರ ವೇಳೆಗೆ ಇಂಗ್ಲಿಷನ್ನು ಸೇರಿತು. ಲ್ಯಾಟಿನ್ನಿನ ಸೋದರಭಾಷೆಯಾದ ಸಂಸ್ಕೃತದಲ್ಲಿ ಇದೇ ರಚನೆಯ ಪದ ‘ದ್ವಾದಶ’. ಅದು ಪ್ರಾಕೃತದ ಮೂಲಕ ಸವೆದು ಮರಾಠಿಯಲ್ಲಿ ‘ಬಾರಾ’ ಆಯಿತು. ಹೀಗೆ ನಮ್ಮ ಪೇಟೆಗಳಲ್ಲಿ ಅಕ್ಕಪಕ್ಕದಲ್ಲೇ ಕೇಳಿಬರುವ ‘ಬಾರಾ’ ಮತ್ತು ‘ಡಜನ್’ ಒಂದೇ ವಂಶದ ಎರಡು ಕವಲುಗಳು. ಇಂಗ್ಲಿಷಿನ ದೇಶ್ಯ ಪದ ‘ಟ್ವೆಲ್ವ್’ ಮಾತ್ರ ‘ಹತ್ತರ ಮೇಲೆ ಎರಡು ಉಳಿದದ್ದು’ ಎಂಬ ಬೇರೆ ಭಾವನೆಯಿಂದ ಹುಟ್ಟಿದ್ದು.

ಕನ್ನಡದ ‘ಹನ್ನೆರಡು’ ಹಳಗನ್ನಡದಲ್ಲಿ ‘ಪನ್ನೆರಡು’. ‘ಪತ್ತು’ ಎಂಬುದು ಸಮಾಸದಲ್ಲಿ ‘ಪನ್’ ಆಗಿ ‘ಎರಡು’ ಸೇರಿದೆ. ಮುಂದೆ ಪಕಾರವು ಹಕಾರವಾಯಿತು. ದ್ರಾವಿಡ ವರ್ಗದ ಈ ಪದಕ್ಕೆ ಮೇಲಿನವುಗಳೊಡನೆ ವಂಶಸಂಬಂಧವಿಲ್ಲ. ಆದರೂ ಹತ್ತು ಮತ್ತು ಎರಡನ್ನು ಕೂಡಿಸುವ ಕ್ರಮ ಒಂದೇ ಎಂಬುದು ಗಮನಾರ್ಹ.

ಅರ್ಥ ಒಂದೇ ಆದರೂ ಪ್ರಯೋಗದಲ್ಲಿ ಎರಡೂ ಬೇರೆ. ‘ಗಂಟೆ ಹನ್ನೆರಡಾಯಿತು’ ಎನ್ನುತ್ತೇವೆಯೇ ಹೊರತು ‘ಡಜನ್ ಆಯಿತು’ ಎನ್ನುವುದಿಲ್ಲ. ‘ಅರ್ಧ ಡಜನ್ ಬಳೆ’ ಸಹಜ. ‘ಅರ್ಧ ಹನ್ನೆರಡು ಬಳೆ’ ಅಸಹಜ. ಮೂಟೆಗಟ್ಟಲೆ, ಗಂಟೆಗಟ್ಟಲೆ ಎಂಬಂತೆ ‘ಡಜನ್‌ಗಟ್ಟಲೆ’ ಎನ್ನಬಹುದು, ‘ಹನ್ನೆರಡುಗಟ್ಟಲೆ’ ಎನ್ನಲಾಗದು. ಅಂದರೆ ‘ಹನ್ನೆರಡು’ ಸಂಖ್ಯೆ, ‘ಡಜನ್’ ಮಾನ. ‘ಎರಡು’ ಮತ್ತು ‘ಜೊತೆ’ ಇವುಗಳ ನಡುವೆ ಇರುವ ಭೇದವೇ ಇಲ್ಲಿಯೂ ಇದೆ. ಸೇರು, ಮೊಳ, ಜೊತೆಗಳ ಸಾಲಿನಲ್ಲಿ ಈ ಪದ ತನ್ನ ಸ್ಥಾನ ಕಂಡುಕೊಂಡಿತೇ ವಿನಾ ‘ಹನ್ನೆರಡ’ನ್ನು ಹೊರದೂಡಲಿಲ್ಲ.

ವ್ಯಾಪಾರಕ್ಕೆ ಈ ಮಾನ ಅನುಕೂಲ. ಹತ್ತನ್ನು ಶೇಷವಿಲ್ಲದೆ ಇಬ್ಬರಿಗೆ ಅಥವಾ ಐವರಿಗೆ ಹಂಚಬಹುದು. ಹನ್ನೆರಡನ್ನು ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ, ಆರು ಮಂದಿಗೆ ಹಂಚಬಹುದು. 1957ರಲ್ಲಿ ದಶಮಾಂಶ ನಾಣ್ಯ ಬರುವವರೆಗೆ ಒಂದು ಆಣೆಗೆ 12 ಪೈ ಇದ್ದುವು. ಆದುದರಿಂದ ಡಜನಿಗೆ ಎಷ್ಟು ಆಣೆಯೋ ಒಂದಕ್ಕೆ ಅಷ್ಟೇ ಪೈ. ಲೆಕ್ಕ ಬಾಯಲ್ಲೇ ಮುಗಿಯುತ್ತಿತ್ತು. ಇಂಗ್ಲಿಷಿನಲ್ಲಿ ‘ಬೇಕರಿಯವನ ಡಜನ್’ ಎಂದರೆ ಹದಿಮೂರು. ಆ ಹೆಚ್ಚಿನ ಒಂದನ್ನು ಕನ್ನಡಿಗರು ‘ಕೊಸರು’ ಎಂದು ಸುಲಭವಾಗಿ ಗುರುತಿಸಬಲ್ಲರು.

ಹನ್ನೆರಡರ ಗಣನೆ ನಮ್ಮ ಸಮಾಜಕ್ಕೆ ಹೊಸತಲ್ಲ. ಕನ್ನಡನಾಡಿನ ಗ್ರಾಮಗಳಲ್ಲಿ ಹನ್ನೆರಡು ಆಯಗಾರರಿದ್ದರೆ ಮಹಾರಾಷ್ಟ್ರದಲ್ಲಿ ‘ಬಾರಾ ಬಲುತೇದಾರ’ರಿದ್ದರು. ವಿಜಾಪುರದ ‘ಬಾರಾ ಕಮಾನ್’, ಧಾರವಾಡದ ‘ಬಾರಾಕೊಟ್ರಿ’ ಎಂಬ ಹೆಸರುಗಳಲ್ಲಿ ‘ಬಾರಾ’ ಕನ್ನಡದ ನೆಲದಲ್ಲೇ ನಿಂತಿದೆ. ಅದರಿಂದ ಕನ್ನಡದ ಎಣಿಕೆಗೆ ಕುಂದು ಬರಲಿಲ್ಲ.

ಆದಕಾರಣ ಹೊರನಾಡ ಕನ್ನಡಿಗರು ‘ಡಜನ್’ ಎಂಬುದಕ್ಕೆ ಅಂಜಬೇಕಾಗಿಲ್ಲ. ಆತಂಕ ಬೇರೆಡೆ ಇದೆ. ರೈಲಿನ ಸಮಯ, ಮನೆಯ ಸಂಖ್ಯೆ, ದೂರವಾಣಿಯ ಅಂಕಿಗಳನ್ನು ‘ಬಾರಾ’ ಎಂದೋ ‘ಟ್ವೆಲ್ವ್’ ಎಂದೋ ಮಾತ್ರ ಹೇಳಬಲ್ಲ ಮಗುವಿಗೆ ‘ಹನ್ನೆರಡು’ ಅಪರಿಚಿತವಾದರೆ ಅದು ನಿಜವಾದ ನಷ್ಟ. ಮಾನವಾಚಕ ಪದಗಳನ್ನು ಎರವಲು ಪಡೆದ ನುಡಿ ಬೆಳೆಯುತ್ತದೆ; ಎಣಿಸುವುದನ್ನೇ ಮರೆತ ನುಡಿ ಮನೆಯೊಳಗೇ ಸೊರಗುತ್ತದೆ. ಡಜನ್ ಹಣ್ಣನ್ನು ಮನೆಗೆ ತಂದಮೇಲೆ ಮಗುವಿನಿಂದ ಒಂದರಿಂದ ಹನ್ನೆರಡರವರೆಗೆ ಕನ್ನಡದಲ್ಲಿ ಎಣಿಸಿಸಿದರೆ ಎರಡು ಪದಗಳೂ ತಂತಮ್ಮ ಸ್ಥಾನಗಳಲ್ಲಿ ಉಳಿಯುತ್ತವೆ.