ಮಕ್ಕಳ ಹಲ್ಲುಸಾಲು: ಏಳನೆಯ ವರ್ಷದ ಎಚ್ಚರ

ಪೋಷಕರಲ್ಲಿಯೂ, ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದು ವಿಷಯವನ್ನು ಅರಿಕೆಮಾಡಿಕೊಳ್ಳಬೇಕೆಂದು ಬಹುದಿನಗಳಿಂದ ಯೋಚಿಸುತ್ತಿದ್ದೆನು.

ದೇವದುರ್ಗದ ಕಡೆಯ ಹಳ್ಳಿಯೊಂದರಿಂದ ಎಂಟನೆಯ ತರಗತಿಗೆ ಬಂದು ಸೇರಿದ ಬಾಲಿಕೆಯೊಬ್ಬಳು ಪಾಠವನ್ನು ಗಟ್ಟಿಯಾಗಿ ಓದುವಾಗಲೆಲ್ಲ ಬಾಯಿಗೆ ಕೈಯನ್ನು ಅಡ್ಡ ಹಿಡಿಯುತ್ತಿದ್ದಳು. ನಾಚಿಕೆಯ ಸ್ವಭಾವವೆಂದು ನಾವು ಸುಮ್ಮನಿದ್ದೆವು. ಮೇಲಿನ ಬಾಚಿಹಲ್ಲುಗಳು ತುಟಿಯನ್ನು ಮೀರಿ ಮುಂದಕ್ಕೆ ಬಂದಿದ್ದುವು. ಒಂಬತ್ತು ವರ್ಷದವರೆಗೂ ಬೆರಳು ಚೀಪುತ್ತಿದ್ದಳಂತೆ. ತಾಯಿಯನ್ನು ಕರೆಯಿಸಿ ವಿಚಾರಿಸಲು, “ಮದ್ವಿ ಹೊತ್ತಿಗೆ ತೋರಿಸಿದರ ಆತ್ರಿ, ಅಕ್ಕೋರೇ” ಎಂದರು. ಮರುವರ್ಷ ಖೋಖೋ ಆಟದಲ್ಲಿ ಬಿದ್ದಾಗ ಆ ಹಲ್ಲೊಂದರ ತುದಿ ಮುರಿಯಿತು. ಮುಂಚಾಚಿದ ಹಲ್ಲುಗಳಿಗೆ ಇಂತಹ ಪೆಟ್ಟಿನ ಭಯ ಹೆಚ್ಚು.

ಮದುವೆಯ ಹೊತ್ತಿಗೆ ಎಂಬ ಲೆಕ್ಕವೇ ತಪ್ಪು. ಹಲ್ಲನ್ನು ತಂತಿಯಿಂದ ಯಾವ ವಯಸ್ಸಿನಲ್ಲಿಯೂ ಸರಿಸಬಹುದು. ದವಡೆಯ ಮಾತು ಹಾಗಲ್ಲ. ಅದು ಬೆಳೆಯುತ್ತಿರುವಾಗಲೇ ತಿದ್ದಬೇಕು. ಅಂಗುಳಿನ ನಡುವಣ ಬೆಸುಗೆ ಗಟ್ಟಿಯಾದ ಬಳಿಕ ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಬೇಕಾದೀತು. ಹೆಣ್ಣುಮಕ್ಕಳಲ್ಲಿ ಬೆಳವಣಿಗೆಯ ಭರವು ಗಂಡುಮಕ್ಕಳಿಗಿಂತ ಸುಮಾರು ಎರಡು ವರ್ಷ ಮೊದಲೇ ಬಂದು ಮೊದಲೇ ಇಳಿಯುವುದರಿಂದ, ತಡಮಾಡಿದ ನಷ್ಟವೂ ಅವರಿಗೇ ಹೆಚ್ಚು.

ಆರನೆಯ ವಯಸ್ಸಿನ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಮೂಡುವುದು; ಮುಂದೆ ಬಾಚಿಹಲ್ಲುಗಳು ಬದಲಾಗತೊಡಗುವುವು. ಆದುದರಿಂದಲೇ ಏಳನೆಯ ವಯಸ್ಸಿನೊಳಗೆ ಒಮ್ಮೆ ತೋರಿಸಿರೆಂದು ತಜ್ಞರ ಸಲಹೆ. ತೋರಿಸಿದೊಡನೆ ತಂತಿ ಕಟ್ಟುವರೆಂಬ ಅಂಜಿಕೆ ಬೇಡ. ಹೆಚ್ಚಿನ ಮಕ್ಕಳಿಗೆ ಕಾದುನೋಡುವುದೇ ಸಾಕಾಗುತ್ತದೆ.

ಮನೆಯಲ್ಲಿ ಪರೀಕ್ಷಿಸಲು ಜೋಳದ ಖಡಕ್ ರೊಟ್ಟಿಯೇ ಸಾಕು. ಮಗುವು ಅದನ್ನು ಮುಂದಿನ ಹಲ್ಲಿನಿಂದ ಕಚ್ಚಲಾರದೆ ಪಕ್ಕದಿಂದ ಹರಿಯುವುದೇ? ಬಾಯಿ ಮುಚ್ಚುವಾಗ ಕೆಳದವಡೆಯು ಒಂದು ಬದಿಗೆ ಜಾರುವುದೇ? ಕೆಳಗಿನ ಹಲ್ಲುಗಳು ಮೇಲಿನವುಗಳ ಮುಂದೆ ನಿಲ್ಲುವುವೇ? ರಾತ್ರಿ ಬಾಯಿ ತೆರೆದೇ ಉಸಿರಾಡುವುದೇ? ಇವುಗಳಲ್ಲಿ ಒಂದಿದ್ದರೂ ತಡಮಾಡಬಾರದು. ಬಾಯಿಯಿಂದ ಉಸಿರಾಡುವ ಮಗುವಿನ ಮೂಗು, ಗಂಟಲುಗಳನ್ನೂ ವೈದ್ಯರಿಗೆ ತೋರಿಸತಕ್ಕದ್ದು.

ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆಸೆಯುವ ನಾವು, ಅದು ಬಾಯಲ್ಲಿದ್ದಾಗ ಅಷ್ಟು ಆದರ ತೋರುವುದಿಲ್ಲ. ಹಾಲುಹಲ್ಲಿನ ದವಡೆಗಳು ಹತ್ತು ಹನ್ನೆರಡು ವರ್ಷದವರೆಗೆ ಮುಂದಿನ ಹಲ್ಲಿಗೆ ಸ್ಥಳ ಕಾದಿರಿಸುತ್ತವೆ. ಹುಳುಕೆಂದು ಆರನೆಯ ವಯಸ್ಸಿಗೇ ಕೀಳಿಸಿದರೆ ನೆರೆಯ ಹಲ್ಲು ವಾಲಿಕೊಂಡು ಆ ಸ್ಥಳವನ್ನು ಆಕ್ರಮಿಸುವುದು. ಕೀಳಲೇಬೇಕಾದರೆ ಸ್ಥಳ ಕಾಯುವ ಸಣ್ಣ ತಂತಿಯ ಬಳೆಯನ್ನು ಕೂಡಿಸುವರು, ಕೇಳಿ ಹಾಕಿಸಿಕೊಳ್ಳಿರಿ.

ಮೇಲಿನ ಎರಡು ಬಾಚಿಹಲ್ಲುಗಳ ನಡುವಿನ ಸಣ್ಣ ಸಂದಿಗೆ ಮಾತ್ರ ಗಾಬರಿಪಡಬೇಡಿರಿ. ಹನ್ನೊಂದು ಹನ್ನೆರಡರಲ್ಲಿ ಕೋರೆಹಲ್ಲುಗಳು ಬಂದಾಗ ಅದು ಬಹುಮಟ್ಟಿಗೆ ತಾನಾಗಿಯೇ ಮುಚ್ಚುವುದು. ರಬ್ಬರ್ ಸುತ್ತಿ ಸೇರಿಸುವ ಸಾಹಸ ಎಂದಿಗೂ ಕೂಡದು. ರಬ್ಬರ್ ವಸಡಿನೊಳಗೆ ಜಾರಿ ಹಲ್ಲನ್ನೇ ಸಡಿಲಿಸಬಲ್ಲುದು.

ನಮ್ಮ ದೇವದುರ್ಗ, ಮಾನ್ವಿ ತಾಲೂಕುಗಳ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚು. ಅದರಿಂದಾಗುವ ಕಂದು ಕಲೆಗಳು ಬೇರೆಯೇ ವಿಷಯ, ತಂತಿಯಿಂದ ಹೋಗುವಂಥವಲ್ಲ. ಹಲ್ಲುಜ್ಜುವುದಿಲ್ಲವೆಂದು ಅಂಥ ಮಗುವನ್ನು ಗದರಿಸುವುದು ಅನ್ಯಾಯ.

ರಾಯಚೂರಿನಲ್ಲಿಯೇ ನವೋದಯ ಮತ್ತು ಎ.ಎಮ್.ಇ. ಎಂಬ ಎರಡು ದಂತವೈದ್ಯಕೀಯ ಕಾಲೇಜುಗಳಿವೆ. ಬೆಳಗಿನ ಬಸ್ಸಿಗೆ ಬಂದು ತೋರಿಸಿಕೊಂಡು ಸಂಜೆಗೆ ಊರು ಸೇರಬಹುದು. ಆ ಬಾಲಿಕೆಯ ತಂಗಿಗೆ ಈಗ ಏಳು ತುಂಬಿದೆ. ಕಳೆದ ದಸರೆಯ ರಜೆಯಲ್ಲಿ ಅವರ ತಾಯಿ, ಈ ಸಲ ಮದುವೆಯ ಮಾತೆತ್ತದೆ, ಇಬ್ಬರನ್ನೂ ಕರೆತಂದಿದ್ದರು.