ಕೊಪ್ಪಳದ ಬಂಡೆ ಮೇಲೊಂದು ಸರ್ಕ್ಯುಲರ್

ಅಳವಂಡಿ ಕೊಪ್ಪಳ ತಾಲ್ಲೂಕಿನ ಒಂದು ಹೋಬಳಿ. ಅಲ್ಲಿಂದ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ರೆ ಅದು ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರು, ತಹಶೀಲ್ದಾರ್ ಅಂತ ಮೆಟ್ಟಿಲು ಹತ್ತುತ್ತೆ. ಸರ್ಕಾರದ ಆದೇಶ ಮೇಲಿಂದ ಅದೇ ಥರ ಇಳಿಯುತ್ತೆ. ಈ ಮೆಟ್ಟಿಲುಗಳನ್ನು ಮೊದಲು ಕಟ್ಟಿದ್ದು ಯಾರು?

ಈ ಪ್ರಶ್ನೆಗೆ ಎಲ್ಲರೂ ಮೊದಲು ಹೇಳೋ ಹೆಸರು ಚೀನಾ. ಕ್ರಿ.ಪೂ. 221ರಲ್ಲಿ ಚಿನ್ ದೊರೆ ದೇಶವನ್ನು 36 ಪ್ರಾಂತ್ಯ ಮಾಡಿ, ವಂಶದ ಒಡೆಯರ ಬದಲು ತಾನೇ ನೇಮಿಸಿದ ಅಧಿಕಾರಿಗಳನ್ನು ಕೂರಿಸಿದ. ಆದರೆ ಅದೇ ಶತಮಾನದಲ್ಲಿ ನಮ್ಮ ಕೊಪ್ಪಳಕ್ಕೂ ಒಂದು ಸರ್ಕ್ಯುಲರ್ ಬಂದಿತ್ತು. ಗವಿಮಠ ಮತ್ತು ಪಾಲ್ಕಿಗುಂಡು ಬಂಡೆಗಳ ಮೇಲೆ ಅಶೋಕನ ಒಂದೇ ಶಾಸನದ ಎರಡು ಪ್ರತಿಗಳಿವೆ.

ಸರ್ಕ್ಯುಲರ್ ಹೇಗೆ ಇಳೀತಿತ್ತು ಅನ್ನೋದು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಗೊತ್ತಾಗುತ್ತೆ. ಅಲ್ಲಿನ ಶಾಸನ ಶುರುವಾಗೋದೇ ಕವರಿಂಗ್ ಲೆಟರಿನಿಂದ: ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ಆಮೇಲೆ ಆಜ್ಞೆ ತಿಳಿಸ್ತಾರೆ. ಅಂದ್ರೆ ಮಧ್ಯದಲ್ಲಿ ಒಂದು ಪ್ರಾಂತೀಯ ಕಚೇರಿ ಇತ್ತು. ಆ ಸುವರ್ಣಗಿರಿ ನಮ್ಮ ಕನಕಗಿರಿಯೇ ಅನ್ನೋರಿದ್ದಾರೆ, ಮಸ್ಕಿ ಅನ್ನೋರೂ ಇದ್ದಾರೆ. ಬರೆದವನ ಹೆಸರು ಚಪಡ. ಅವನು ಕೊನೆಯ ಪದವನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ದೂರದ ಪೋಸ್ಟಿಂಗ್ ಆಗಲೂ ಇತ್ತು ಅನ್ಸುತ್ತೆ!

ಇನ್ನೂ ಕೆಳಗಿನ ಮೆಟ್ಟಿಲು ಆಂಧ್ರದ ಎರ್ರಗುಡಿ ಶಾಸನದಲ್ಲಿದೆ. ರಾಜುಕನಿಗೆ ಆಜ್ಞೆ ಹೋಗಬೇಕು, ಅವನು ಭೇರಿ ಹೊಡೆಸಿ ಜನರಿಗೆ ಸಾರಬೇಕು. ನಮ್ಮೂರ ಡಂಗುರದ ಹಾಗೇ. ರಜ್ಜು ಅಂದ್ರೆ ಹಗ್ಗ. ರಾಜುಕ ಮೂಲತಃ ಹಗ್ಗ ಹಿಡಿದು ಹೊಲ ಅಳೆಯೋ ಅಧಿಕಾರಿ ಅಂತ ವಿದ್ವಾಂಸರು ಹೇಳ್ತಾರೆ. ಸಿವಿಲ್ ಬ್ರ್ಯಾಂಚಿನ ಗೆಳೆಯರೇ, ನಿಮ್ಮ ಹಿರಿಯಣ್ಣ!

ಆದರೆ ಡಂಗುರ ಯಾಕೆ ಬೇಕಾಯ್ತು? ಶಾಸನ ಇರೋದು ಪ್ರಾಕೃತದಲ್ಲಿ. ಇಲ್ಲಿನ ಜನರ ಮಾತು ಬೇರೆ. ಇಸಿಲ ಅನ್ನೋ ಹೆಸರೇ ಕನ್ನಡದ್ದು ಅಂತ ಡಿ.ಎಲ್. ನರಸಿಂಹಾಚಾರ್ ವಾದಿಸಿದ್ದರು. ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗ ಸಿಗುತ್ತೆ ಅನ್ನೋದು ಆ ಶಾಸನದ ಸಾರ. ಆದರೆ ಆ ಸಣ್ಣವರಿಗೆ ಅದು ತಿಳಿಯಬೇಕಾದರೆ ಒಬ್ಬ ಅಧಿಕಾರಿ ಬಾಯಿ ಬಿಡಬೇಕಿತ್ತು. ಓದಿ ಹೇಳುವವನ ಕೈಯಲ್ಲೇ ಅರ್ಧ ಅಧಿಕಾರ.

ಈಗ ಬಂಡೆಯ ಜಾಗಕ್ಕೆ ಪೋರ್ಟಲ್ ಬಂದಿದೆ. ಅದನ್ನು ಕಟ್ಟೋರು ನಾವೇ, ಇಂಜಿನಿಯರುಗಳು. ಅದರ ಎರರ್ ಮೆಸೇಜ್ ಇಂಗ್ಲಿಷಿನಲ್ಲಷ್ಟೇ ಇದ್ರೆ, ರೈತ ಮತ್ತೆ ಓದಿ ಹೇಳುವವನನ್ನೇ ಹುಡುಕಿಕೊಂಡು ಹೋಗಬೇಕು, ಅವನು ಕೇಳಿದಷ್ಟು ಕೊಡಬೇಕು. ಒಂದು ಸಾಲು ಕನ್ನಡದಲ್ಲಿ ಬರೆದ್ರೆ ಒಂದು ಮೆಟ್ಟಿಲು ಕಡಿಮೆ ಆಗುತ್ತೆ.