ಬೇಸಗೆಯ ಹೊಳೆಯೂ ಮೋಟಾರು ದೋಣಿಯೂ

ದೋಣಿ ಬಿಡುವುದಕ್ಕೆ ದೋಣಿಗಿಂತ ಮೊದಲು ನೀರು ಬೇಕು. ಈ ಮಾತು ಕೇಳುವುದಕ್ಕೆ ಬಲು ಸರಳ. ಆದರೆ ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ನಕ್ಷೆಯನ್ನು ಮೇಜಿನ ಮೇಲೆ ಹರಡಿಕೊಂಡು, ಬೇಸಗೆಯ ರಜೆಯಲ್ಲಿ ದೋಣಿ ಹೋಗಬಹುದಾದ ದಾರಿಯೊಂದನ್ನು ಪೆನ್ಸಿಲಿನಿಂದ ಗುರುತಿಸುತ್ತ ಹೋದವರಿಗೆ ಅದೆಷ್ಟು ತೊಡಕಿನ ಮಾತೆಂಬುದು ತಿಳಿದೀತು. ನಕ್ಷೆಯಲ್ಲಿ ನೀಲಿ ಗೆರೆಗಳಿಗೇನೂ ಬಡತನವಿಲ್ಲ. ಪುಷ್ಪಗಿರಿಯ ಮಗ್ಗುಲಿನಿಂದ ಇಳಿದು ಸುಬ್ರಹ್ಮಣ್ಯವನ್ನು ಹಾದು ಕಡಬದ ಸೀಮೆಗೆ ಬರುವ ಕುಮಾರಧಾರೆಯಿದೆ. ಅದು ಉಪ್ಪಿನಂಗಡಿಯಲ್ಲಿ ಸೇರುವ ನೇತ್ರಾವತಿಯಿದೆ. ಇವೆರಡರ ಗೊಡವೆಯಿಲ್ಲದೆ ಕೊಡಗಿನ ಬೆಟ್ಟಗಳಿಂದ ಹೊರಟು ಸುಳ್ಯದ ಪೇಟೆಯ ಬದಿಯಲ್ಲಿ ಹರಿದು ಕಾಸರಗೋಡಿನ ಕಡೆಗೆ ತಿರುಗುವ ಪಯಸ್ವಿನಿಯಿದೆ. ಇವುಗಳನ್ನು ತುಂಬುವ ಹಳ್ಳ ತೋಡುಗಳನ್ನು ಎಣಿಸಿದವರಿಲ್ಲ. ನಕ್ಷೆ ಮುದ್ರಿಸುವವರು ಮಳೆಗಾಲದ ಹೊಳೆಗೂ ಬೇಸಗೆಯ ಹೊಳೆಗೂ ಒಂದೇ ನೀಲಿಯನ್ನು ಬಳಿಯುತ್ತಾರೆ. ತೊಡಕು ಇರುವುದು ಅಲ್ಲಿಯೇ.

ಈ ನಕ್ಷೆಯ ಕೆಲಸವನ್ನು ನನ್ನ ತಲೆಗೆ ಕಟ್ಟಿದವನು ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಸೋದರಳಿಯ. ಅವನು ಹೆಂಡತಿ ಮಕ್ಕಳೊಡನೆ ಅಲ್ಲಿಯ ಕಾಲುವೆಯೊಂದರಲ್ಲಿ ಬಾಡಿಗೆಯ ದೋಣಿ ಹಿಡಿದು ಒಂದು ವಾರ ತೇಲಿದ್ದನಂತೆ. ಆ ರುಚಿ ಹತ್ತಿದ ಮೇಲೆ ಫೋನಿನಲ್ಲಿ ಅವನ ಮಾತೇ ಬೇರೆಯಾಯಿತು.

“ಮಾವ, ಮನುಷ್ಯರು ತೋಡಿದ ಕಾಲುವೆಯಲ್ಲೇ ಇಷ್ಟು ಸುಖವಿದ್ದರೆ ದೇವರು ತೋಡಿದ ನಮ್ಮ ಹೊಳೆಯಲ್ಲಿ ಎಷ್ಟಿರಬೇಡ! ಸ್ವಂತದ್ದೇ ಒಂದು ಸಣ್ಣ ಮೋಟಾರು ದೋಣಿ ಕೊಂಡುಬಿಡುತ್ತೇನೆ. ಕಡಬದ ಕಡೆ ಎಲ್ಲಾದರೂ ಇಳಿದು ಮಂಗಳೂರಿನ ಅಳಿವೆ ಮುಟ್ಟೋಣ. ನೀವು ದಾರಿ ಮಾತ್ರ ಹಾಕಿ ಕೊಡಿ.”

“ಯಾವ ತಿಂಗಳಲ್ಲಿ ಬರುತ್ತೀ?” ಎಂದು ಕೇಳಿದೆ.

“ಬೇಸಗೆಯ ರಜೆಯಲ್ಲಿ. ಜುಲೈ ಕೊನೆಗೆ.”

ಅವರ ಬೇಸಗೆ ನಮ್ಮ ಆಟಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ಈ ಸೀಮೆಯಲ್ಲಿ ಅದರ ಬಹುಭಾಗವನ್ನು ಜೂನಿನಿಂದ ಸೆಪ್ಟೆಂಬರಿನ ವರೆಗಿನ ನಾಲ್ಕು ತಿಂಗಳುಗಳೇ ಸುರಿದು ಮುಗಿಸುತ್ತವೆ. ಆಗ ಕುಮಾರಧಾರೆ ಕೆಂಪಾಗಿ, ಮರದ ದಿಮ್ಮಿಗಳನ್ನು ಹೊತ್ತು ಇಳಿಯುತ್ತದೆ. ಕಡಬದ ಬಳಿ ಹೊಸ್ಮಠದಲ್ಲಿ ಹೊಸ ಸೇತುವೆಯಾಗುವ ಮೊದಲು ಹಳೆಯ ತಗ್ಗು ಸೇತುವೆ ಮಳೆ ಜೋರಾದಾಗಲೆಲ್ಲ ಮುಳುಗಿ, ಬಸ್ಸುಗಳು ಎರಡು ದಡಗಳಲ್ಲೂ ಕಾದು ನಿಲ್ಲುತ್ತಿದ್ದುದು ನಮ್ಮವರಿಗೆಲ್ಲ ನೆನಪಿದೆ. ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರ ದೇವಸ್ಥಾನದ ಮುಂದೆ ಎರಡು ಹೊಳೆಗಳ ನೀರು ಏರಿ ಬಂದು ಒಂದಾದಾಗ ಜನ ‘ಸಂಗಮವಾಯಿತು’ ಎಂದು ಪೂಜೆ ಸಲ್ಲಿಸುತ್ತಾರೆ. ಆ ಪೂಜೆಯಲ್ಲಿ ಭಕ್ತಿಯಷ್ಟೇ ಭಯವೂ ಇದೆ. 1923ರ ಮತ್ತು 1974ರ ನೆರೆಗಳು ಈ ಹೊಳೆಯ ದಡದ ಪೇಟೆಗಳಿಗೆ ಮಾಡಿದ್ದನ್ನು ಹಿರಿಯರಿಂದ ಕೇಳಿದವರು ಆಟಿಯಲ್ಲಿ ವಿಹಾರದ ದೋಣಿಯ ಮಾತನ್ನು ಎತ್ತುವುದಿಲ್ಲ. ಇಷ್ಟನ್ನು ಹೇಳಿದ ಮೇಲೆ ಅಳಿಯ ಜುಲೈಯನ್ನು ಬಿಟ್ಟು ಈಸ್ಟರಿನ ರಜೆಗೆ, ಎಂದರೆ ಏಪ್ರಿಲಿಗೆ, ಒಪ್ಪಿದ. ಹೀಗೆ ನಾವು ನೆರೆಯಿಂದ ಪಾರಾಗಿ ಬರದ ಕೈಗೆ ಸಿಕ್ಕಿದೆವು.

ಪಯಸ್ವಿನಿಯಿಂದಲೇ ಆರಂಭಿಸೋಣ. ಚೈತ್ರದಲ್ಲಿ ಸುಳ್ಯದ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದರೆ ಕಾಣುವುದು ಬಂಡೆ, ಮರಳು, ನಡುವೆ ಅಲ್ಲಲ್ಲಿ ಕನ್ನಡಿಯಂತೆ ನಿಂತ ನೀರು. ಸುಳ್ಯ ಪೇಟೆಗೆ ಕುಡಿಯುವ ನೀರು ಹೋಗುವುದು ಕಲ್ಲುಮುಟ್ಲುವಿನ ಪಂಪುಮನೆಯಿಂದ. ಆ ನೀರನ್ನು ಹಿಡಿದಿಡುವುದಕ್ಕೆ ವರ್ಷ ವರ್ಷವೂ ಮರಳಿನ ಚೀಲಗಳ ಕಟ್ಟ ಕಟ್ಟುತ್ತಿದ್ದರು. ಆಮೇಲೆ ನಾಗಪಟ್ಟಣದಲ್ಲಿ ಕಿಂಡಿ ಅಣೆಕಟ್ಟು ಬಂದಿತು. ಒಂದು ಪೇಟೆ ಗುಟುಕು ಗುಟುಕಾಗಿ ಕೂಡಿಟ್ಟುಕೊಂಡ ನೀರಿನಲ್ಲಿ ಪೆಟ್ರೋಲಿನ ಎಣ್ಣೆ ಬಿಡುತ್ತ ಓಡಾಡುವುದು ವಿಹಾರವೆನಿಸದು. ಪಯಸ್ವಿನಿಯ ಮೇಲೆ ಗೆರೆ ಎಳೆದುಬಿಟ್ಟೆ.

ಕುಮಾರಧಾರೆಯ ವಿಷಯ ಇನ್ನೂ ಸೂಕ್ಷ್ಮವಾದುದು. ಬೇಸಗೆಯಲ್ಲಿ ಅದು ಒಂದು ಹೊಳೆಯಲ್ಲ, ಗಯಗಳ ಸಾಲು. ಗಯವೆಂದರೆ ನಮ್ಮ ಕಡೆಯ ತುಳುವಿನಲ್ಲಿ ಹೊಳೆಯೊಳಗಿನ ಆಳವಾದ ಮಡು. ಒಂದು ಗಯಕ್ಕೂ ಇನ್ನೊಂದಕ್ಕೂ ನಡುವೆ ಕಣಕಾಲು ಮುಳುಗದಷ್ಟು ನೀರು ಕಲ್ಲುಗಳ ಸಂದಿಯಲ್ಲಿ ಜಾರುತ್ತಿರುತ್ತದೆ. ದೋಣಿಯ ಹಿಂದೆ ತೂಗುಹಾಕುವ ಮೋಟಾರಿನ ರೆಕ್ಕೆ ತಿರುಗಬೇಕಾದರೆ ಎರಡಡಿಯಾದರೂ ನೀರು ಬೇಕು. ಗಯದಲ್ಲಿ ಅದು ಸುಖವಾಗಿ ತಿರುಗೀತು; ಗಯದ ಬಾಯಿಯ ಕಲ್ಲಿನ ಹಾಸಿನಲ್ಲಿ ಮುರಿದೀತು. ಇನ್ನು, ಗಯಗಳಿಗೆ ಹಳೆಯ ಒಕ್ಕಲುಗಳಿದ್ದಾರೆ. ರಾಮಕುಂಜದ ಕಡೆಯ ನಾಕೂರುಗಯ, ಏನೆಕಲ್ಲಿನ ಬಚ್ಚನಾಯಕನ ಗುಂಡಿ ಇವುಗಳಲ್ಲಿ ‘ದೇವರ ಮೀನು’ಗಳೆಂದು ಜನ ಕಾಪಾಡಿಕೊಂಡು ಬಂದ ದೊಡ್ಡ ಮೀನುಗಳಿವೆ. ಸುಳ್ಯ ತಾಲೂಕಿನ ತೊಡಿಕಾನದಲ್ಲಿ ಮಲ್ಲಿಕಾರ್ಜುನ ದೇವಸ್ಥಾನದ ಮತ್ಸ್ಯತೀರ್ಥವೂ ಹೀಗೆಯೇ ಹೆಸರಾದುದು. ಶಾಸ್ತ್ರಜ್ಞರು ಮಹಶೀರ್ ಎಂದು ಕರೆಯುವ ಈ ಜಾತಿ ಬೇರೆ ಕಡೆಗಳಲ್ಲಿ ಅಪರೂಪವಾಗುತ್ತಿರುವಾಗ ಇಲ್ಲಿ ಉಳಿದುಕೊಂಡಿರುವುದು ಭಕ್ತಿಯ ದಾಕ್ಷಿಣ್ಯದಿಂದ. ಬೇಸಗೆಯಲ್ಲಿ ಹೊಳೆ ಕುಗ್ಗಿದಂತೆ ಮೀನುಗಳಿಗೂ ಉಳಿಯುವ ಮನೆ ಈ ಗಯಗಳೇ. ನೂರಾರು ವರ್ಷಗಳಿಂದ ಗಾಳ ಹಾಕದ ನೀರಿನೊಳಗೆ ತಿರುಗುವ ಕತ್ತಿಯೊಂದನ್ನು ಇಳಿಸಲು ಯಾವ ಊರಿನವರು ಒಪ್ಪಿಯಾರು? ಬಹುಕಾಲ ಪುತ್ತೂರಿನಲ್ಲಿ ನೆಲಸಿ, ಈ ಸುಬ್ರಹ್ಮಣ್ಯದ ಕಾಡುಗಳ ಸೆರಗಿನಲ್ಲಿಯೇ ‘ಬೆಟ್ಟದ ಜೀವ’ವನ್ನು ನಡೆಯಿಸಿದ ಶಿವರಾಮ ಕಾರಂತರು ಈ ಸೀಮೆಯನ್ನು ಕಾಲ್ನಡಿಗೆಯಲ್ಲಿ ಅರಿತವರು. ಬೆಟ್ಟದ ಹೊಳೆಗೆ ಅದೇ ಸರಿಯಾದ ವಾಹನವೆಂದು ನನಗೆ ತೋರುತ್ತದೆ.

ಇನ್ನು ಉಪ್ಪಿನಂಗಡಿ. ಪುತ್ತೂರು ತಾಲೂಕಿಗೆ ಹಿಂದೆ ಇದ್ದ ಹೆಸರೇ ಉಪ್ಪಿನಂಗಡಿ ತಾಲೂಕು. ಕರಾವಳಿಯ ಉಪ್ಪು ದೋಣಿಗಳಲ್ಲಿ ಹೊಳೆಯೇರಿ ಬಂದು ಇಲ್ಲಿ ಇಳಿದು, ಎತ್ತುಗಳ ಬೆನ್ನೇರಿ ಘಟ್ಟಕ್ಕೆ ಹೋಗುತ್ತಿತ್ತಾದ್ದರಿಂದ ಊರಿಗೆ ಈ ಹೆಸರಾಯಿತೆಂದು ಜನ ಹೇಳುವುದುಂಟು. ಹೆಸರಿನ ಕಥೆ ಹೇಗಾದರೂ ಇರಲಿ, ಹೊಳೆ ಒಂದು ಕಾಲಕ್ಕೆ ದಾರಿಯಾಗಿದ್ದುದಂತೂ ನಿಜ. ಊರೂರಿಗೆ ಕಡವುಗಳಿದ್ದವು; ಉದ್ದನೆಯ ಬಿದಿರ ಗಳ ಹಿಡಿದು ಅಂಬಿಗನು ನಿಂತಿರುತ್ತಿದ್ದನು. 1907ರಲ್ಲಿ ಮಂಗಳೂರಿಗೆ ರೈಲು ಬಂದಿತು. ಮೋಟಾರು ಬಸ್ಸುಗಳು ಬಂದವು. 1979ರಲ್ಲಿ ಹಾಸನದಿಂದ ಮಂಗಳೂರಿಗೆ ರೈಲುದಾರಿ ಪುತ್ತೂರನ್ನು ಹಾದು ಪೂರ್ತಿಯಾಯಿತು. ಹೊಳೆಗಳ ಮೇಲೆ ಒಂದಾದ ಮೇಲೊಂದು ಸೇತುವೆಗಳಾದವು. ಕಡವು ಎಂಬುದು ಈಗ ಮನೆಗಳ ಹೆಸರಿನಲ್ಲಿ ಉಳಿದಿದೆ. ಆದರೆ ಒಂದು ಮಾತನ್ನು ಮರೆಯಬಾರದು: ಭಾರ ಹೊತ್ತ ದೋಣಿ ಈ ಹೊಳೆಯಲ್ಲಿ ಇಷ್ಟು ಮೇಲೆ ಬರಬೇಕಾದರೆ ನೆರೆ ಇಳಿದು ನೀರು ಇನ್ನೂ ತುಂಬಿರುವ ತಿಂಗಳುಗಳೇ ಬೇಕು. ಬೇಸಗೆಯಲ್ಲಿ ಮರಳಿನ ಮೇಲೆ ದೋಣಿ ನಡೆಯುವುದಿಲ್ಲ. ಮಖೆಯ ಜಾತ್ರೆಗೆ ಜನ ಸೇರುತ್ತಿದ್ದುದು ಇದೇ ಉಪ್ಪಿನಂಗಡಿಯಲ್ಲಿ, ಹೊಳೆ ಬಿಟ್ಟುಕೊಟ್ಟ ಮರಳಿನ ಮೇಲೆ, ಉದ್ಭವಲಿಂಗದ ಸುತ್ತ.

ಆದರೂ ನೇತ್ರಾವತಿಯ ಹೆಸರು ದೊಡ್ಡ ಪಟ್ಟಿಯೊಂದರಲ್ಲಿ ಸೇರಿದೆ. 2016ರ ಕಾಯಿದೆಯಿಂದ ದೇಶದಲ್ಲಿ 111 ರಾಷ್ಟ್ರೀಯ ಜಲಮಾರ್ಗಗಳಾದವು. ಅವುಗಳಲ್ಲಿ 74ನೆಯದು ನೇತ್ರಾವತಿ, ಧರ್ಮಸ್ಥಳದ ಬಳಿಯಿಂದ ಬೆಂಗ್ರೆಯ ಅಳಿವೆಯ ವರೆಗೆ, 78 ಕಿಲೋಮೀಟರು. ಇದನ್ನು ಅಳಿಯನಿಗೆ ಹೇಳಿದಾಗ ಅವನು ಹಿರಿಹಿರಿ ಹಿಗ್ಗಿದ. ಅದೇ ವರ್ಷದ ಏಪ್ರಿಲ್, ಮೇ ತಿಂಗಳುಗಳಲ್ಲಿ ತುಂಬೆಯ ಅಣೆಕಟ್ಟಿನಲ್ಲಿ ನೀರು ತಳ ಕಂಡು, ಮಂಗಳೂರಿನ ಜನ ಸರದಿಯ ಮೇಲೆ ನೀರು ಹಿಡಿಯಬೇಕಾಯಿತೆಂಬುದನ್ನೂ ಹೇಳಿದೆ. 2019ರಲ್ಲಿಯೂ 2023ರಲ್ಲಿಯೂ ಮತ್ತೆ ಹಾಗೆಯೇ ಆಯಿತು. ಕಾಗದದಲ್ಲಿ ಹೆದ್ದಾರಿ, ಹೊಳೆಯಲ್ಲಿ ಮರಳು.

ಈಗ ಉಪ್ಪಿನಂಗಡಿಯಿಂದ ಕೆಳಗೆ ಬೇಸಗೆಯಲ್ಲಿಯೂ ನೀರು ಕಾಣುವುದುಂಟು. ಆದರೆ ಅದು ಅಣೆಕಟ್ಟುಗಳು ಹಿಡಿದಿಟ್ಟ ನೀರು. ಬಿಳಿಯೂರು, ಶಂಭೂರು, ಜಕ್ರಿಬೆಟ್ಟು, ತುಂಬೆ, ಹರೇಕಳ ಎಂದು ಬೆರಳು ಮಡಿಸುತ್ತ ಹೋದರೆ ಒಂದು ಕೈ ಮುಗಿಯುತ್ತದೆ. ಇವುಗಳಲ್ಲಿ ಒಂದು ವಿದ್ಯುತ್ತಿಗೆ, ಒಂದು ಮಂಗಳೂರಿನ ನಲ್ಲಿಗೆ, ಕೆಳಗಿನದು ಸಮುದ್ರದ ಉಪ್ಪುನೀರನ್ನು ತಡೆಯುವುದಕ್ಕೆ. ದೋಣಿಗೆಂದು ಯಾವುದೂ ಅಲ್ಲ. ಕುಮಾರಧಾರೆಯಲ್ಲಿ, ಸಂಗಮಕ್ಕೆ ಮೊದಲು, ನೆಕ್ಕಿಲಾಡಿಯ ಕಟ್ಟ ಬೇರೆ ಇದೆ. ಸ್ವಂತ ಹೊಳೆಯಿಲ್ಲದ ಪುತ್ತೂರು ಪೇಟೆ ಕುಡಿಯುವುದು ಅದರ ನೀರನ್ನು. ಹಾಗಾಗಿ ಉಪ್ಪಿನಂಗಡಿಯಲ್ಲಿ ಇಳಿದ ದೋಣಿ ಸಮುದ್ರ ಕಾಣುವ ಮೊದಲು ಐದು ಸಲ ಪಿಕಪ್ ವಾಹನವನ್ನೇರಬೇಕು. ದೋಣಿಯ ಯಾತ್ರೆಯೋ ಪಿಕಪ್ಪಿನ ಯಾತ್ರೆಯೋ ಎಂಬುದನ್ನು ನೋಡುವವರು ತೀರ್ಮಾನಿಸಬೇಕು.

“ಲಾಕ್ ಇಟ್ಟರೆ ಆಯಿತಲ್ಲ ಮಾವ! ಇಲ್ಲಿ ಇಟ್ಟಿದ್ದಾರೆ” ಎಂದ ಅಳಿಯ.

ಲಾಕ್ ಎಂದರೆ ಎರಡು ಬಾಗಿಲುಗಳ ನಡುವಣ ನೀರಿನ ತೊಟ್ಟಿ. ದೋಣಿಯನ್ನು ಒಳಗೆ ಬಿಟ್ಟು, ಹಿಂದಿನ ಬಾಗಿಲು ಮುಚ್ಚಿ, ತೊಟ್ಟಿಯ ನೀರನ್ನು ಕೆಳಕ್ಕೆ ಬಿಟ್ಟರೆ ದೋಣಿಯೂ ಇಳಿಯುತ್ತದೆ. ಜಾಣತನದ ಏರ್ಪಾಡು. ಆದರೆ ಇಂಗ್ಲೆಂಡಿನ ಇಕ್ಕಟ್ಟಾದ ಲಾಕಿನಲ್ಲಿಯೂ, ಅದರ ಅಗಲ ಏಳಡಿಯಷ್ಟೇ, ಒಂದು ಸಲಕ್ಕೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು ಕೆಳಗೆ ಹೋಗುತ್ತದೆ. ಕೊನೆಯ ಬಾಗಿಲಿನಲ್ಲಿ ಹರೇಕಳವನ್ನು ದಾಟಿದ ನೀರು ಸಮುದ್ರದ ಪಾಲು. ಒಬ್ಬನಿಗೆ ದಿನಕ್ಕೆ 135 ಲೀಟರು ಎಂಬ ಸರಕಾರಿ ಲೆಕ್ಕದಲ್ಲಿ ಅದು ಏಳುನೂರಕ್ಕೂ ಹೆಚ್ಚು ಜನರ ಒಂದು ದಿನದ ನೀರು. ಅಲ್ಲಿಯಾದರೂ ಕಾಲುವೆಗಳಿಗೆಂದೇ ಕೆರೆಗಳನ್ನು ಕಟ್ಟಿ ಕಾದಿರಿಸಿದ್ದಾರೆ. ಹಾಗಿದ್ದೂ 2025ರ ಬೇಸಗೆಯಲ್ಲಿ ಆ ಕೆರೆಗಳು ಬತ್ತಿ, ಲೀಡ್ಸ್–ಲಿವರ್‌ಪೂಲ್ ಕಾಲುವೆಯ ಬಹುಭಾಗವನ್ನು ದೋಣಿಗಳಿಗೆ ಮುಚ್ಚಬೇಕಾಯಿತು. ಮಲಬಾರಿನಲ್ಲಿ 1848ರ ಸುಮಾರಿಗೆ ಕಲೆಕ್ಟರ್ ಕೊನೊಲಿ ಕಲ್ಲಿಕೋಟೆಯಲ್ಲಿ ಕಾಲುವೆ ತೋಡಿಸಿ ಎರಡು ಹೊಳೆಗಳನ್ನು ಕೂಡಿಸಿದನು. ಅಲ್ಲಿ ಅದು ಸಾಧ್ಯವಾದುದು ಸಮುದ್ರಮಟ್ಟದಲ್ಲಿ, ಭರತ ಏರಿ ಬರುವ ನೀರಿನಲ್ಲಿ, ಸಮುದ್ರ ಬತ್ತುವುದಿಲ್ಲವಷ್ಟೆ. ಮುರಕಲ್ಲಿನ ಗುಡ್ಡಗಳ ನಡುವಣ ನಮ್ಮ ಮೇಲಿನ ಹೊಳೆಗೆ ಆ ಭಾಗ್ಯವಿಲ್ಲ.

ಮೋಟಾರು ಎಂದರೆ ನಮ್ಮಲ್ಲಿ ಬೇಸಗೆಗೆ ಪಂಪು ಎಂದೇ ಅರ್ಥ. ಎರಡು ದಡಗಳಲ್ಲೂ ಅಡಕೆ ತೋಟಗಳ ಪಂಪುಗಳು ಕರೆಂಟು ಬಂದ ಕ್ಷಣದಲ್ಲಿ ಗುಂಯ್‌ಗುಡತೊಡಗುತ್ತವೆ. ನನ್ನ ತೋಟದ್ದೂ ಅವುಗಳಲ್ಲೊಂದು. ಹಿಂದೆ ಮಾಗಿಯಲ್ಲಿ ಊರಿನವರೆಲ್ಲ ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ತೋಡಿಗೆ ಕಟ್ಟ ಕಟ್ಟುತ್ತಿದ್ದರು; ಅದು ಯಾರ ನೀರು ಎಂಬುದು ಕಟ್ಟಿದವರಿಗೆಲ್ಲ ಗೊತ್ತಿರುತ್ತಿತ್ತು. ಹೊಳೆಯ ದೊಡ್ಡ ಅಣೆಕಟ್ಟುಗಳ ನೀರು ಯಾರದು ಎಂಬ ಪ್ರಶ್ನೆಗೆ ಹಾಗೆ ಉತ್ತರ ಸಿಗುವುದಿಲ್ಲ. ಕೆಳಗಿನ ಪಟ್ಟಣ ತನ್ನದೆನ್ನುತ್ತದೆ, ತೋಟದವನು ತನ್ನದೆನ್ನುತ್ತಾನೆ. ಮೀನು ಏನೂ ಅನ್ನುವುದಿಲ್ಲ. ಕಟ್ಟು ಕಡುಬಿಸಿಲಿನಲ್ಲಿ ಈ ಸಾಲಿನ ಕೊನೆಗೆ ವಿಹಾರದ ದೋಣಿಯೂ ಬಂದು ನಿಂತರೆ ಅದಕ್ಕೆ ಸರದಿ ಸಿಗಬಾರದೆಂದೇ ನನ್ನ ಮತ. ಅಳಿಯನಿಗೆ ಇದು ರುಚಿಸಲಿಲ್ಲ, ಆದರೆ ವಾದಿಸಲಿಲ್ಲ.

ಹಾಗೆಂದು ಮಕ್ಕಳಿಗೆ ಹೊಳೆಯನ್ನೇ ತೋರಿಸದೆ ಕಳುಹಿಸುವುದೂ ಸರಿಯಲ್ಲ. ಕೊನೆಗೆ ಯೋಜನೆಯನ್ನು ಎರಡು ತುಂಡು ಮಾಡಿದೆ. ಮೊದಲನೆಯದು ಮೇಲಿನ ಸೀಮೆಗೆ: ಕಡಬದಿಂದ ಉಪ್ಪಿನಂಗಡಿಯ ವರೆಗೆ ಹೊಳೆಯ ಬದಿಯಲ್ಲೇ ಎರಡು ದಿನದ ನಡಿಗೆ, ನಡುವೆ ಶಾಂತಿಮೊಗರಿನಲ್ಲಿ ಮಧ್ಯಾಹ್ನದ ಬುತ್ತಿ. ಎಲ್ಲಿಯಾದರೂ ಊರಿನವರು ಒಪ್ಪಿದರೆ ಹುಟ್ಟು ಹಾಕುವ ಸಣ್ಣ ದೋಣಿಯಲ್ಲಿ ಒಂದು ಗಂಟೆ, ಯಂತ್ರ ಕೂಡದು. ಎರಡನೆಯದು ಹರೇಕಳದಿಂದ ಕೆಳಗೆ, ಸಮುದ್ರದ ನೀರು ದಿನಕ್ಕೆರಡು ಸಲ ಏರಿ ಇಳಿಯುವಲ್ಲಿ. ಅಲ್ಲಿ ಮೋಟಾರು ದೋಣಿ ಯಾರ ಬಾಯಿಯ ನೀರನ್ನೂ ಕಸಿಯುವುದಿಲ್ಲ. ಬೆಳಗಿನ ಭರತ ನೋಡಿಕೊಂಡು ಹೊರಟರೆ ಉಳ್ಳಾಲದ ರೈಲು ಸೇತುವೆಯ ಕೆಳಗೆ ಹಾದು, 1865ರಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಹೂಡಿದ ಜೆಪ್ಪುವಿನ ದಂಡೆಯನ್ನು ನೋಡುತ್ತ, ಬಿಸಿಲೇರುವ ಮೊದಲು ಬೆಂಗ್ರೆಗೆ ಮುಟ್ಟಬಹುದು. ಕಾಲುವೆಯೇ ಬೇಕೆಂದರೆ ಸುಳ್ಯದಿಂದ ಜಾಲ್ಸೂರಿನ ಮೇಲೆ ಕಾಸರಗೋಡಿಗಿಳಿದು, ಇನ್ನೂ ದಕ್ಷಿಣಕ್ಕೆ ನೀಲೇಶ್ವರದಾಚೆಯ ವಲಿಯಪರಂಬದ ಹಿನ್ನೀರಿಗೆ ಹೋಗಲಿ. ಅಲ್ಲಿ ಬಾಡಿಗೆಗೆ ಮನೆದೋಣಿಗಳೇ ಇವೆ.

ಸ್ವಂತ ದೋಣಿಯ ಹುಚ್ಚು ಬಿಡದಿದ್ದರೆ ಒಳನಾಡು ಹಡಗುಗಳ 2021ರ ಕಾಯಿದೆಯಂತೆ ನೋಂದಣಿ, ತಪಾಸಣೆಯ ಪತ್ರ, ವಿಮೆ ಇವುಗಳನ್ನು ವಿಚಾರಿಸಿಕೊಂಡು ಬರಬೇಕೆಂದು ಬರೆದಿದ್ದೇನೆ. ಜೀವರಕ್ಷಕ ಜಾಕೆಟ್ಟುಗಳು ಐದು, ಅವುಗಳಲ್ಲಿ ಎರಡು ಮಕ್ಕಳ ಅಳತೆಯವು. ನಡಿಗೆಗೆ ಗಟ್ಟಿ ಚಪ್ಪಲಿ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯುವುದು. ಪತ್ರ ಹೋಗಿ ಹತ್ತು ದಿನವಾಯಿತು. ದೋಣಿಯ ಬೆಲೆಯ ಮಾತು ಅವನ ಕಡೆಯಿಂದ ಮತ್ತೆ ಬಂದಿಲ್ಲ. ಶಾಂತಿಮೊಗರಿನಲ್ಲಿ ಬುತ್ತಿಗೆ ಏನು ಎಂದು ಮಾತ್ರ ಮಕ್ಕಳು ಕೇಳಿದ್ದಾರೆ.